ಹಳೇ ಗೀಸರ್ ತೆಗೆದು ಹೊಸದು ಹಾಕುವುದಾದರೆ: ಬೆಳಗಾವಿಯ ನಳದ ನೀರಿಗೊಂದು, ವಿಜಯಪುರದ ಬೋರಿಗೊಂದು

ಗೀಸರ್ ಅಂಗಡಿಗೆ ಕಾಲಿಟ್ಟರೆ ಮೊದಲು ಬರುವ ಪ್ರಶ್ನೆ, ‘ಎಷ್ಟ ಲೀಟರಿಂದು ಬೇಕ್ರಿ?’ ಎರಡನೆಯದು, ‘ಯಾವ ಕಂಪನೀದು?’ ‘ನಿಮ್ಮನಿಗೆ ನೀರು ಎಲ್ಲಿಂದು ಬರ್ತದ?’ ಎಂದು ಕೇಳುವವರು ಬೆಳಗಾವಿಯಲ್ಲೂ ಕಡಿಮೆ, ವಿಜಯಪುರದಲ್ಲೂ ಕಡಿಮೆ. ಆದರೆ ಗೀಸರ್ ಮೂರು ವರ್ಷಕ್ಕೆ ಗುಜರಿಗೆ ಹೋಗುತ್ತದೋ ಹತ್ತು ವರ್ಷ ಬಾಳುತ್ತದೋ ಎಂಬುದು ನಿಂತಿರುವುದು ಆ ಕೇಳದ ಪ್ರಶ್ನೆಯ ಮೇಲೆಯೇ.

ಬೆಳಗಾವಿ ನಗರಕ್ಕೆ ನೀರು ಬರುವುದು ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ಮಳೆನಾಡಿನ ಕಡೆಯಿಂದ ಹರಿದು ಬರುವ ಮೆದು ನೀರದು. ಸೋಪು ಚಲೋ ನೊರೆ ಕೊಡುತ್ತದೆ, ಗೀಸರಿನೊಳಗೆ ಸುಣ್ಣ ಕಟ್ಟುವುದು ನಿಧಾನ. ವಿಜಯಪುರ ನಗರಕ್ಕೆ ಕೊಲ್ಹಾರದ ಹತ್ತಿರ ಕೃಷ್ಣೆಯಿಂದ ಎತ್ತಿದ ನೀರು ಬರುತ್ತದೆ, ಬಾಗಲಕೋಟೆಯ ನವನಗರಕ್ಕೂ ಆಲಮಟ್ಟಿ ಹಿನ್ನೀರಿನ ಆಸರೆ ಇದೆ. ಇವೂ ತಕ್ಕಮಟ್ಟಿಗೆ ಪರವಾಗಿಲ್ಲ. ತೊಡಕಿರುವುದು ಬೋರಿನಲ್ಲಿ. ನಳದ ನೀರು ದಿನಾ ಬರದ ಓಣಿಗಳಲ್ಲಿ ಮನೆಯವರು ಬೋರನ್ನೂ ಅದೇ ಮೇಲಿನ ಟ್ಯಾಂಕಿಗೆ ಬಿಡುತ್ತಾರೆ. ಹಳ್ಳಿಗಳಲ್ಲಂತೂ ಬೋರೊಂದೇ ಗತಿ. ಲೋಕಾಪುರದ ಸುತ್ತಿನ ಸುಣ್ಣಕಲ್ಲಿನ ನೆಲದ ನೀರು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಕೆಟ್ಟಿನ ಅಂಚಿಗೆ, ಶವರಿನ ತೂತಿಗೆ ಕಟ್ಟುವ ಬಿಳಿ ಪೊರೆಯೇ ಸಾಕ್ಷಿ.

ಹಾಗಾಗಿ ಈ ವಿಮರ್ಶೆಯಲ್ಲಿ ಕಂಪನಿಗಳಿಗೆ ಅಂಕ ಕೊಟ್ಟಿಲ್ಲ. ಯಾವ ನೀರಿಗೆ ಯಾವ ಬಗೆಯ ಗೀಸರ್ ತಾಳುತ್ತದೆ, ಯಾವುದು ದುಡ್ಡು ದಂಡ ಎಂಬುದಷ್ಟೇ ಇಲ್ಲಿದೆ.

ನಿಜಕ್ಕೂ ಬದಲಿಸಬೇಕೇ?

ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ‘ಗೀಸರ್ ಸೋರಾಕತ್ತೈತಿ’ ಎಂದ ಕೂಡಲೇ ಹೊಸದು ತರುವ ಅಗತ್ಯವಿಲ್ಲ. ಸೋರುವ ಜಾಗ ನಾಲ್ಕು. ನೀರು ಒಳಬರುವ ಪೈಪಿನ ಮೇಲಿನ ಸೇಫ್ಟಿ ವಾಲ್ವಿನಿಂದ, ನೀರು ಕಾಯುವಾಗ ಮಾತ್ರ ಹನಿ ಬೀಳುತ್ತಿದ್ದರೆ ಅದು ರೋಗವಲ್ಲ. 25 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಕಾದರೆ ಹಿಗ್ಗಿ ಸುಮಾರು 400 ಮಿಲಿಲೀಟರ್ ಹೆಚ್ಚಾಗುತ್ತದೆ. ಆ ಹೆಚ್ಚಿನದು ಎಲ್ಲಾದರೂ ಹೊರಗೆ ಬರಲೇಬೇಕು. ಎರಡನೆಯದು ಕೆಳಗಿನ ಫ್ಲ್ಯಾಂಜ್, ಅಂದರೆ ನೀರು ಕಾಯಿಸುವ ಎಲಿಮೆಂಟ್ ಕೂಡಿಸಿದ ತಟ್ಟೆ. ಅಲ್ಲಿನ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಸೀಳಿದ್ದರೆ ಅದೊಂದನ್ನು ಹಾಕಿಸಿದರೆ ಮುಗಿಯಿತು. ಮೂರನೆಯದು ಪೈಪಿನ ಜೋಡಣೆ. ನಾಲ್ಕನೆಯದು ಟ್ಯಾಂಕೇ ತೂತಾಗಿರುವುದು: ಹೊರಕವಚದ ಕೆಳಗಿನ ಸಂದಿಯಿಂದ ಕಂದು ನೀರು ಇಳಿಯುತ್ತದೆ, ಕರೆಂಟ್ ಬಂದ್ ಇದ್ದರೂ ನಿಲ್ಲುವುದಿಲ್ಲ. ಇದಕ್ಕೆ ಮದ್ದಿಲ್ಲ. ಎಂ-ಸೀಲ್ ಮೆತ್ತಿ, ವೆಲ್ಡಿಂಗ್ ಮಾಡಿಸಿ ಕೂಡುವವರಿದ್ದಾರೆ. ಒಳಲೇಪ ಇರುವ ಟ್ಯಾಂಕಿಗೆ ವೆಲ್ಡಿಂಗ್ ಬಿಸಿ ತಾಗಿದರೆ ಸುತ್ತಲಿನ ಲೇಪವೂ ಉದುರುತ್ತದೆ, ಆರು ತಿಂಗಳಲ್ಲಿ ಪಕ್ಕದಲ್ಲೇ ಮತ್ತೊಂದು ತೂತು ಬೀಳುತ್ತದೆ.

ಸ್ವಿಚ್ ಹಾಕಿದ ಕೂಡಲೇ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಬೀಳುತ್ತಿದ್ದರೆ ಹೆಚ್ಚಾಗಿ ಎಲಿಮೆಂಟಿನ ಹೊರಕೊಳವೆ ಸೀಳಿ ಒಳಗೆ ನೀರು ಹೋಗಿದೆ ಎಂದರ್ಥ. ಎಂಸಿಬಿ (ಮೀಟರ್ ಬೋರ್ಡಿನ ಟ್ರಿಪ್ ಸ್ವಿಚ್) ಬಂದ್ ಮಾಡಿ, ಎಲಿಮೆಂಟಿನ ಎರಡೂ ವೈರ್ ಬಿಚ್ಚಿ ಮೀಟರ್ ಹಿಡಿದು ನೋಡಿ: 2 ಕಿಲೋವಾಟಿನದು ಸುಮಾರು 26 ಓಮ್ ತೋರಿಸಬೇಕು, 3 ಕಿಲೋವಾಟಿನದು ಸುಮಾರು 17.5. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಓಮ್ ಸರಿಯಿದ್ದೂ ಟ್ರಿಪ್ ಆಗುತ್ತಿದ್ದರೆ ಅರ್ಥಿಂಗಿಗೆ ಸೋರಿಕೆ ಇದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಮೆಗ್ಗರ್ (ಕರೆಂಟ್ ಸೋರಿಕೆ ಪತ್ತೆ ಮಾಡುವ ಮೀಟರ್) ಹಾಕಿಸಿದರೆ ಖಾತ್ರಿಯಾಗುತ್ತದೆ. ಎರಡಕ್ಕೂ ಎಲಿಮೆಂಟ್ ಬದಲಿಸಿದರೆ ಸಾಕು, ಟ್ಯಾಂಕ್ ಗಟ್ಟಿಯಿದ್ದರೆ ಹೊಸ ಗೀಸರ್ ಬೇಡ. ಇಪ್ಪತ್ತು ನಿಮಿಷಕ್ಕೆ ಕಾಯುತ್ತಿದ್ದ ನೀರಿಗೆ ಈಗ ಮುಕ್ಕಾಲು ತಾಸು ಬೇಕಾದರೆ ಮೊದಲು ವೋಲ್ಟೇಜ್ ನೋಡಿ. 230 ಇರಬೇಕಾದಲ್ಲಿ 180 ಬರುತ್ತಿದ್ದರೆ 2 ಕಿಲೋವಾಟಿನ ಎಲಿಮೆಂಟ್ ಕೊಡುವುದು ಬರೀ 1.2 ಕಿಲೋವಾಟ್. ಸಂಜೆ ಪಂಪ್‌ಸೆಟ್ಟುಗಳ ಹೊತ್ತಿನಲ್ಲಿ ಹಳ್ಳಿ ಲೈನುಗಳಲ್ಲಿ ಇದು ಮಾಮೂಲು. ಗೀಸರ್ ಬದಲಿಸಿದರೆ ಈ ತೊಂದರೆ ಹೋಗುವುದಿಲ್ಲ.

ಸುಣ್ಣ ಮಾಡುವ ಕೆಲಸ

ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆದು ಕಾರ್ಬೊನೇಟ್ ಆಗಿ, ಅತಿ ಬಿಸಿಯಾದ ಜಾಗಕ್ಕೇ ಅಂಟುತ್ತದೆ. ಆ ಜಾಗವೇ ಎಲಿಮೆಂಟ್. 60 ಡಿಗ್ರಿ ದಾಟಿದ ಮೇಲೆ ಇದರ ವೇಗ ಬಹಳ ಹೆಚ್ಚು. ಲೆಕ್ಕ ಹಾಕಿ: ಲೀಟರಿಗೆ 300 ಮಿಲಿಗ್ರಾಂ ಗಡಸುತನದ ನೀರು ದಿನಕ್ಕೆ 100 ಲೀಟರ್ ಕಾಯಿಸಿದರೆ ಗೀಸರಿನೊಳಗೆ ಹಾದುಹೋಗುವ ಸುಣ್ಣ 30 ಗ್ರಾಂ, ವರ್ಷಕ್ಕೆ 11 ಕಿಲೋ ಸಮೀಪ. ಅದರಲ್ಲಿ ಹತ್ತರಲ್ಲೊಂದು ಪಾಲು ಒಳಗೆ ಉಳಿದರೂ ಕಿಲೋಗಿಂತ ಹೆಚ್ಚಾಯಿತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಒಪ್ಪುವ ಮಿತಿ 200, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಅಡ್ಡಿಯಿಲ್ಲ ಎನ್ನುತ್ತದೆ. ಕುಡಿಯಲು ನಡೆಯುವ 500ರ ನೀರು ಗೀಸರಿಗೆ ವಿಷ.

ಸುಣ್ಣದ ಪೊರೆ ಶಾಖವನ್ನು ನೀರಿಗೆ ದಾಟಗೊಡುವುದಿಲ್ಲ. ಎಲಿಮೆಂಟ್ ತನ್ನ ಬಿಸಿಯಲ್ಲಿ ತಾನೇ ಬೆಂದು ಹೊರಕೊಳವೆ ಸೀಳುತ್ತದೆ. ಗೀಸರಿನಿಂದ ಅನ್ನದ ಎಸರಿನಂತೆ ಗೊರಗೊರ ಸದ್ದು ಬರುತ್ತಿದ್ದರೆ ಪೊರೆಯ ಅಡಿಯಲ್ಲಿ ಸಿಕ್ಕ ನೀರು ಕುದಿಯುತ್ತಿದೆ ಎಂದು ತಿಳಿಯಿರಿ. ಬಿಚ್ಚಿ ನೋಡಿದರೆ ಎಲಿಮೆಂಟಿನ ಸುರುಳಿಗಳ ನಡುವೆ ಸಂದೇ ಇರುವುದಿಲ್ಲ, ಬೂದುಬಿಳಿ ಗಡ್ಡೆಯೊಂದು ಕೂತಿರುತ್ತದೆ. ಟ್ಯಾಂಕಿನ ತಳದಲ್ಲಿ ಮೊಟ್ಟೆಯ ಸಿಪ್ಪೆಯಷ್ಟು ದಪ್ಪದ ಚಕ್ಕೆಗಳು ಮುಷ್ಟಿಗಟ್ಟಲೆ ಸಿಗುತ್ತವೆ.

ನಿಮ್ಮ ನೀರು ಎಂಥದ್ದೆಂದು ತಿಳಿಯಲು ಆರ್‌ಒ ಮಾರುವವರು ತರುವ ಟಿಡಿಎಸ್ ಮೀಟರ್ ಸಾಲದು. ಅದು ಕರಗಿದ್ದೆಲ್ಲವನ್ನೂ ಒಟ್ಟಿಗೆ ಎಣಿಸುತ್ತದೆ; ಉಪ್ಪು ಯಾವುದು, ಸುಣ್ಣ ಯಾವುದು ಎಂದು ಬಿಡಿಸಿ ಹೇಳುವುದಿಲ್ಲ. ಹನಿ ಹಾಕಿ ಬಣ್ಣ ಬದಲಾಗುವುದನ್ನು ನೋಡುವ ಹಾರ್ಡ್‌ನೆಸ್ ಕಿಟ್ ತರಿಸಿಕೊಳ್ಳಿ, ಇಲ್ಲವೇ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಒಂದು ಬಾಟಲಿ ಪರೀಕ್ಷೆ ಮಾಡಿಸಿ. ಬರೀ ಅಂದಾಜು ಸಾಕೆಂದರೆ ಬಾಟಲಿಯ ಅರ್ಧ ನೀರಿಗೆ ಸಾದಾ ಸೋಪಿನ ತುಣುಕು ಹಾಕಿ ಅಲುಗಿಸಿ. ಡಿಟರ್ಜೆಂಟ್ ಪುಡಿ ಬೇಡ, ಅದು ಎಂಥ ನೀರಿನಲ್ಲೂ ನೊರೆ ಎಬ್ಬಿಸುತ್ತದೆ. ನೊರೆ ಬಾರದೆ ಮೊಸರಿನಂಥ ಕೆನೆ ತೇಲಿದರೆ ಗಡಸು ನೀರೇ.

ಟ್ಯಾಂಕು, ಎಲಿಮೆಂಟು, ಆನೋಡು

ಟ್ಯಾಂಕಿನಲ್ಲಿ ನೀರು ಕಾಯಿಸಿ ಇಡುವ ಸ್ಟೋರೇಜ್ ಗೀಸರಿನಲ್ಲಿ ನೋಡಬೇಕಾದ್ದು ಈ ಮೂರೇ. ಡಿಜಿಟಲ್ ಡಿಸ್‌ಪ್ಲೇ, ವೈಫೈ, ಬಣ್ಣ ಬದಲಾಗುವ ಎಲ್‌ಇಡಿ ಎಲ್ಲ ಬರೀ ಅಲಂಕಾರ. ಕೆಟ್ಟಾಗ ಸಿಗದ ಬಿಡಿಭಾಗಗಳೂ ಅವೇ.

ಟ್ಯಾಂಕುಗಳಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಉಕ್ಕಿನ ಮೇಲೆ ಗಾಜಿನ ಲೇಪ ಹಾಕಿ ಸುಟ್ಟದ್ದು. ಎ.ಒ. ಸ್ಮಿತ್‌ನವರು ಇದನ್ನು ಬ್ಲೂ ಡೈಮಂಡ್ ಎನ್ನುತ್ತಾರೆ, ಹ್ಯಾವೆಲ್ಸ್‌ನವರು ಫೆರೋಗ್ಲಾಸ್ ಎನ್ನುತ್ತಾರೆ, ರಾಕೋಲ್ಡ್‌ನವರು ಟೈಟೇನಿಯಂ ಸೇರಿದ ಎನಾಮಲ್ ಎನ್ನುತ್ತಾರೆ, ವಿ-ಗಾರ್ಡ್‌ನವರದು ವಿಟ್ರಿಯಸ್ ಎನಾಮಲ್. ಹೆಸರು ಬೇರೆ, ಮೂಲ ಒಂದೇ. ಬೋರಿನ ನೀರಿಗೆ ಇದೇ ಲೇಸು. ಅಗ್ಗದ ಮಾಡೆಲ್‌ಗಳಲ್ಲಿ ಗಾಜಿನ ಬದಲು ಪಾಲಿಮರ್ ಲೇಪ ಇರುತ್ತದೆ. ಮೆದು ನೀರಿಗೆ, ಬೆಳಗಾವಿಯಂಥ ಕಡೆ, ಅದು ಸಲ್ಲುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ಎಂದರೆ ತುಕ್ಕೇ ಹಿಡಿಯದು ಎಂದು ಅಂಗಡಿಯವರು ಹೇಳುತ್ತಾರೆ. ಸವಳು ನೀರಿನ ಕ್ಲೋರೈಡ್ 304 ದರ್ಜೆಯ ಸ್ಟೀಲಿನ ವೆಲ್ಡಿಂಗ್ ಗೆರೆಯಲ್ಲಿ ಸೂಜಿಮೊನೆಯಂಥ ತೂತು ಕೊರೆಯುತ್ತದೆ. ಸವಳು ನೀರಿದ್ದೂ ಸ್ಟೀಲೇ ಬೇಕೆಂದರೆ 316 ಕೇಳಿ. ಇನ್ನು ಹಳೇ ತಾಮ್ರದ ಟ್ಯಾಂಕಿನ ಗೀಸರ್ ಮನೆಯಲ್ಲಿದ್ದರೆ ಅದನ್ನು ‘ಎಕ್ಸ್‌ಚೇಂಜ್’ ಎಂದು ಐನೂರು ರೂಪಾಯಿಗೆ ಬಿಟ್ಟುಕೊಡಬೇಡಿ. ಬಿಚ್ಚಿಸಿ ತಾಮ್ರವನ್ನು ಬೇರೆ ತೂಗಿಸಿ.

ಎಲಿಮೆಂಟಿನಲ್ಲಿ ತಾಮ್ರದ ಕೊಳವೆಯದು ಅಗ್ಗ, ಬೇಗ ಕಾಯುತ್ತದೆ, ಗಡಸು ನೀರಿನಲ್ಲಿ ಬೇಗ ಹೋಗುತ್ತದೆ. ಇಂಕಾಲಾಯ್ 800 ಎಂಬ ನಿಕಲ್ ಮಿಶ್ರಲೋಹದ್ದು ಹೆಚ್ಚು ಬಿಸಿ ತಾಳುತ್ತದೆ. ಅದರ ಮೇಲೂ ಗಾಜಿನ ಲೇಪ ಇರುವುದು ಇನ್ನೂ ಮೇಲು: ನುಣುಪಾದ್ದರಿಂದ ಸುಣ್ಣ ಗಟ್ಟಿಯಾಗಿ ಹಿಡಿಯುವುದಿಲ್ಲ, ಚಕ್ಕೆಯಾಗಿ ಕಳಚುತ್ತದೆ. ಎ.ಒ. ಸ್ಮಿತ್, ಹ್ಯಾವೆಲ್ಸ್ ಎರಡರ ಕೆಲವು ಮಾಡೆಲ್‌ಗಳಲ್ಲಿ ಇಂಥದ್ದು ಇದೆ. ಎಲ್ಲ ಮಾಡೆಲ್‌ಗಳಲ್ಲಿ ಇಲ್ಲ, ಹಾಗಾಗಿ ಡಬ್ಬಿಯ ಮೇಲೆ ಓದಿಯೇ ಕೊಳ್ಳಿ. ಬೋರಿನ ಮನೆಗೆ ಸಾವಿರ ಎರಡು ಸಾವಿರ ಹೆಚ್ಚು ಕೊಡುವುದಿದ್ದರೆ ಇದಕ್ಕೆ ಕೊಡಿ.

ಆನೋಡಿನ ಹೆಸರನ್ನು ಕೊಳ್ಳುವಾಗ ಯಾರೂ ಎತ್ತುವುದಿಲ್ಲ. ಫ್ಲ್ಯಾಂಜಿಗೆ ಎಲಿಮೆಂಟಿನ ಪಕ್ಕದಲ್ಲೇ ನಿಂತಿರುವ ಮೆಗ್ನೀಸಿಯಂ ಸಲಾಕೆ ಅದು. ಗಾಜಿನ ಲೇಪದಲ್ಲಿ ಎಲ್ಲೋ ಒಂದು ಕೂದಲು ಬಿರುಕು ಇದ್ದೇ ಇರುತ್ತದೆ. ನೀರು ಅಲ್ಲಿ ಉಕ್ಕನ್ನು ತಿನ್ನುವ ಬದಲು ಈ ಸಲಾಕೆಯನ್ನು ತಿನ್ನುತ್ತದೆ. ಸಲಾಕೆ ಮುಗಿದ ದಿನದಿಂದ ಟ್ಯಾಂಕಿನ ಸರದಿ. ಲವಣ ಹೆಚ್ಚಿದ ನೀರಿನಲ್ಲಿ ಒಂದೆರಡು ವರ್ಷಕ್ಕೇ ಕರಗಿ ನಡುವಿನ ತಂತಿ ಕಾಣುತ್ತದೆ. ಆಗಲೇ ಬದಲಿಸಿದರೆ ಟ್ಯಾಂಕಿನ ಆಯುಷ್ಯ ಎರಡು ಪಟ್ಟಾದೀತು, ಖರ್ಚು ಕೆಲವು ನೂರು ರೂಪಾಯಿ. ಕೆಲವು ಬೋರುಗಳಲ್ಲಿ ಮೆಗ್ನೀಸಿಯಂ ಸಲಾಕೆ ಇದ್ದರೆ ಬಿಸಿನೀರು ಕೊಳೆತ ತತ್ತಿಯ ವಾಸನೆ ಹೊಡೆಯುತ್ತದೆ. ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾದ ಕೆಲಸವದು. ಅಲ್ಯೂಮಿನಿಯಂ-ಸತುವಿನ ಸಲಾಕೆ ಹಾಕಿಸಿದರೆ ಹೋಗುತ್ತದೆ.

ಎಷ್ಟು ಲೀಟರ್, ಎಷ್ಟು ಸ್ಟಾರ್

15 ಲೀಟರಿನದು 2 ಕಿಲೋವಾಟಿನಲ್ಲಿ 20ರಿಂದ 60 ಡಿಗ್ರಿಗೆ ಕಾಯಲು 21 ನಿಮಿಷ, 0.7 ಯೂನಿಟ್. ತಣ್ಣೀರು ಬೆರೆಸಿದರೆ ಜಳಕಕ್ಕೆ ಹದವಾದ 42 ಡಿಗ್ರಿಯ ನೀರು ಲೆಕ್ಕದಲ್ಲಿ 27 ಲೀಟರ್ ಆಗಬೇಕು, ಕೈಗೆ ಸಿಗುವುದು 23ರ ಆಸುಪಾಸು. ಒಂದು ದೊಡ್ಡ ಬಕೆಟ್. 25 ಲೀಟರಿನದಕ್ಕೆ 35 ನಿಮಿಷ, 1.16 ಯೂನಿಟ್, ಎರಡು ಬಕೆಟ್. ಬಕೆಟ್ಟಿನಲ್ಲಿ ಜಳಕ ಮಾಡುವ ನಾಲ್ಕು ಮಂದಿಯ ಮನೆಗೆ 15 ಸಾಕು, ಒಬ್ಬರಾದ ಮೇಲೆ ಒಬ್ಬರು ಹೋಗುವಷ್ಟರಲ್ಲಿ ಮತ್ತೆ ಕಾಯುತ್ತದೆ. ಶವರ್ ಇದ್ದರೆ, ಇಲ್ಲವೇ ಬೆಳಗ್ಗೆ ಏಳಕ್ಕೇ ಎಲ್ಲರೂ ಹೊರಡುವ ಮನೆಯಾದರೆ 25 ತಗೊಳ್ಳಿ. ಲಾಫ್ಟಿನ ಕೆಳಗೆ ಜಾಗವಿಲ್ಲವೆಂದು ಅಡ್ಡ ಗೀಸರ್ ಹಾಕುವವರು ಒಂದು ತಿಳಿದಿರಲಿ: ಅದರಲ್ಲಿ ಬಿಸಿನೀರು ತಣ್ಣೀರು ಬೇಗ ಬೆರೆಯುತ್ತವೆ, ಅದೇ ಲೀಟರಿಗೆ ಕಡಿಮೆ ಬಿಸಿನೀರು ಸಿಗುತ್ತದೆ. ಉದ್ದ ಗೀಸರಿಗೆ ಜಾಗ ಹೊಂದಿಸಿಕೊಳ್ಳುವುದೇ ಚಲೋ.

‘ಫೈವ್ ಸ್ಟಾರ್ ಐತ್ರಿ, ಕರೆಂಟ್ ಬಿಲ್ ಅರ್ಧಕ್ಕರ್ಧ ಇಳೀತೈತಿ’ ಎಂಬ ಮಾತನ್ನು ನಂಬಬೇಡಿ. ಗೀಸರಿನ ಸ್ಟಾರ್ ಅಳೆಯುವುದು ಕಾದ ನೀರು ಇಡೀ ದಿನ ಹಾಗೇ ಇದ್ದಾಗ ಎಷ್ಟು ಶಾಖ ಹೊರಗೆ ಸೋರುತ್ತದೆ ಎಂಬುದನ್ನು ಮಾತ್ರ. ಎಲಿಮೆಂಟ್ ಕರೆಂಟನ್ನು ಶಾಖ ಮಾಡುವುದರಲ್ಲಿ ಒಂದು ಸ್ಟಾರಿಗೂ ಐದು ಸ್ಟಾರಿಗೂ ಫರಕಿಲ್ಲ. ಅರ್ಧ ತಾಸು ಹಾಕಿ, ಜಳಕ ಮುಗಿದ ಕೂಡಲೇ ಆರಿಸುವ ಮನೆಗೆ ಉಳಿಯುವುದು ಚಿಲ್ಲರೆ. ಹಗಲಿಡೀ ಹಾಕಿಯೇ ಇಡುವ ಲಾಡ್ಜು, ನರ್ಸಿಂಗ್ ಹೋಮುಗಳಿಗೆ ಸ್ಟಾರಿನ ಲಾಭ ನಿಜವಾಗಿ ಸಿಗುತ್ತದೆ.

ಕರೆಂಟಿನ ಲೆಕ್ಕ ಮಾತ್ರ ಈಗ ಬೇರೆ ಕಾರಣಕ್ಕೆ ಮುಖ್ಯ. ನಾಲ್ಕು ಮಂದಿಗೆ ದಿನಕ್ಕೆ ನಾಲ್ಕು ಬಕೆಟ್ ಎಂದರೆ 2 ಯೂನಿಟ್, ತಿಂಗಳಿಗೆ 60ರ ಮೇಲೆ. ಹೆಸ್ಕಾಂ ಬಿಲ್ಲಿನಲ್ಲಿ ಗೃಹಜ್ಯೋತಿ ಪಡೆಯುವ ಮನೆಗಳಲ್ಲಿ ನಿಮಗೆ ಗೊತ್ತುಮಾಡಿದ ಮಿತಿ ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿತೆಂದರೆ ಇಡೀ ಬಿಲ್ ಕಟ್ಟಬೇಕು. ತಿಂಗಳಿಗೆ 150 ಯೂನಿಟ್ ಸುಡುತ್ತಿದ್ದ ಮನೆ ಡಿಸೆಂಬರಿನಲ್ಲಿ ಗೀಸರ್ ಶುರು ಮಾಡಿದರೆ ಆ ಗೆರೆ ದಾಟಿಯೇಬಿಡುತ್ತದೆ. ಅಂಥವರು ಮುಂದಿನ ಭಾಗ ಗಮನಿಸಿ ಓದುವುದು ಒಳ್ಳೆಯದು.

ಇನ್‌ಸ್ಟಂಟ್, ಗ್ಯಾಸ್, ಸೋಲಾರ್, ಬಂಬ

3 ಲೀಟರಿನ, 3 ಕಿಲೋವಾಟಿನ ಇನ್‌ಸ್ಟಂಟ್ ಗೀಸರ್ ಚಳಿಗಾಲದಲ್ಲಿ ನಿಮಿಷಕ್ಕೆ ಎರಡು ಲೀಟರ್ ಹದವಾದ ನೀರು ಕೊಡುತ್ತದೆ, ಅಂದರೆ ಬಕೆಟ್ ತುಂಬಲು ಹತ್ತು ನಿಮಿಷ. 180 ವೋಲ್ಟಿನಲ್ಲಿ ಹದಿನೇಳು. ಬೆಳಗಾವಿಯ ಮಳೆಗಾಲದಲ್ಲಿ ಅಡುಗೆಮನೆಯ ಸಿಂಕಿಗೆ ಸರಿ, ಜಳಕಕ್ಕೆ ತಾಳ್ಮೆ ಬೇಕು. ಬೋರಿನ ನೀರಿಗೆ ಬೇಡವೇ ಬೇಡ. ಪುಟ್ಟ ಟ್ಯಾಂಕು, ದೊಡ್ಡ ಎಲಿಮೆಂಟು, ಸುಣ್ಣ ಕಟ್ಟಲು ಇದಕ್ಕಿಂತ ಅನುಕೂಲದ ಜಾಗ ಬೇರಿಲ್ಲ.

ಗ್ಯಾಸ್ ಗೀಸರಿನ ಖರ್ಚು ಹಗುರ. ಒಂದು ಬಕೆಟ್ಟಿಗೆ ಸುಮಾರು 50 ಗ್ರಾಂ ಗ್ಯಾಸ್. ದಿನಕ್ಕೆ ನಾಲ್ಕು ಬಕೆಟ್ಟಿನಂತೆ 14.2 ಕಿಲೋದ ಸಿಲಿಂಡರ್ ಎರಡು ತಿಂಗಳ ಮೇಲೆ ಬರುತ್ತದೆ. ಆದರೆ ಅದನ್ನು ಬಚ್ಚಲಮನೆಯೊಳಗೆ ಹಾಕುವುದೆಂದರೆ ಪ್ರಾಣದ ಜೊತೆ ಆಟ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಉರಿಗೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಹೊಗೆ ಇಲ್ಲ, ತಲೆ ತಿರುಗಿದ್ದು ತಿಳಿಯುವಷ್ಟರಲ್ಲಿ ಕಾಲು ಏಳುವುದಿಲ್ಲ. ‘ಎಕ್ಸಾಸ್ಟ್ ಫ್ಯಾನ್ ಐತಲ್ರಿ’ ಎಂಬುದು ಉತ್ತರವಲ್ಲ. ಗೀಸರನ್ನು ಹೊರಗೋಡೆಗೆ, ತೆರೆದ ಡಕ್ಟಿಗೆ ಹಾಕಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಆಗುವುದಿಲ್ಲವೆಂದರೆ ಗ್ಯಾಸ್ ಗೀಸರ್ ಬಿಡಿ. ಇನ್ನೊಂದು ಸಣ್ಣ ಮಾತು: ಒಂದಂತಸ್ತಿನ ಮನೆಯಲ್ಲಿ ಮಾಳಿಗೆಯ ಮೇಲೇ ಟ್ಯಾಂಕ್ ಕೂಡಿಸಿದ್ದರೆ ನೀರಿನ ಒತ್ತಡ ಸಾಲದೆ ಒಳಗಿನ ಡಯಾಫ್ರಾಮ್ (ನೀರಿನ ಒತ್ತಡಕ್ಕೆ ಅಲುಗುವ ಪೊರೆ) ಅಲುಗದು, ಉರಿ ಹೊತ್ತದು. ಬ್ಯಾಟರಿ ಬದಲಿಸಿ ಬದಲಿಸಿ ಸೋತವರು ಟ್ಯಾಂಕಿನ ಎತ್ತರ ಅಳೆದು ನೋಡಲಿ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್, ಒಂದೂವರೆ ಮೀಟರಿಗೆ ಬರೀ 0.15.

ವಿಜಯಪುರ, ಬಾಗಲಕೋಟೆಯ ಬಿಸಿಲಿಗೆ ಸೋಲಾರ್‌ನಷ್ಟು ಹೊಂದುವುದು ಬೇರೆ ಇಲ್ಲ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುತ್ತದಾದ್ದರಿಂದ ಆ ನಾಲ್ಕು ತಿಂಗಳಿಗೆ ಬೇರೆ ವ್ಯವಸ್ಥೆ ಇರಲೇಬೇಕು. ನಾಲ್ಕು ಮಂದಿಗೆ ದಿನಕ್ಕೆ 100 ಲೀಟರಿನದು ಧಾರಾಳ. ಗಡಸು ನೀರಿಗೆ ತಾಮ್ರದ ಪೈಪಿನ ಫ್ಲಾಟ್ ಪ್ಲೇಟ್ ಹಾಕಿಸಬೇಡಿ. ಅರ್ಧ ಇಂಚಿನ ಆ ಪೈಪುಗಳೊಳಗೆ ಸುಣ್ಣ ಕಟ್ಟಿದರೆ ತೆಗೆಯುವುದು ಬಲು ಕಷ್ಟ. ಗಾಜಿನ ಟ್ಯೂಬಿನದಾದರೆ ಸುಣ್ಣ ಟ್ಯೂಬಿನ ಬುಡಕ್ಕೆ ಇಳಿಯುತ್ತದೆ, ವರ್ಷಕ್ಕೊಮ್ಮೆ ಟ್ಯೂಬ್ ಎಳೆದು ತೊಳೆದು, ರಬ್ಬರ್ ರಿಂಗಿಗೆ ಸೋಪುನೀರು ಹಚ್ಚಿ ಮತ್ತೆ ಕೂಡಿಸಬಹುದು. ಬಲು ಗಡಸು ನೀರಿಗೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೇ ಕೇಳಿ, ಬಿಸಿಲಿಗೆ ಕಾಯುವ ನೀರು ಬೇರೆ, ಬಳಸುವ ನೀರು ಬೇರೆ ಇರುತ್ತದೆ.

ನೀರು ದಿನಬಿಟ್ಟು ದಿನ ಬರುವ ಊರುಗಳಲ್ಲಿ ಟ್ಯೂಬ್ ಒಡೆಯುವುದು ಹೀಗೆ: ಮೇಲಿನ ಟ್ಯಾಂಕ್ ಬರಿದಾಗಿ ಸೋಲಾರ್ ಒಣಗಿ ನಿಂತಿರುತ್ತದೆ, ಮಧ್ಯಾಹ್ನ ನೀರು ಬಂತೆಂದು ಪಂಪ್ ಹಾಕುತ್ತಾರೆ, ಸುಡುಗಾಜಿಗೆ ತಣ್ಣೀರು ಬಿದ್ದು ಒಂದೇ ಏಟಿಗೆ ನಾಲ್ಕಾರು ಟ್ಯೂಬ್ ಚೂರಾಗುತ್ತವೆ. ವಾರಂಟಿ ಇದನ್ನು ಒಪ್ಪುವುದಿಲ್ಲ. ಸೋಲಾರಿಗೆ ಹೋಗುವ ವಾಲ್ವ್ ಮುಚ್ಚಿ, ಸೂರ್ಯ ಮುಳುಗಿದ ಮೇಲೆ ತುಂಬಿಸಿ. ಟ್ಯಾಂಕಿನ ಮೇಲಿನ ಏರ್ ವೆಂಟ್ ಪೈಪನ್ನು ಕಸ ಬೀಳುತ್ತದೆಂದು ಮುಚ್ಚಬಾರದು, ನೀರು ಎಳೆದಾಗ ಟ್ಯಾಂಕ್ ಒಳಕ್ಕೆ ಸೊಟ್ಟಗಾಗುತ್ತದೆ. ಸೋಲಾರ್ ಟ್ಯಾಂಕಿನಲ್ಲೇ ಕರೆಂಟ್ ಎಲಿಮೆಂಟ್ ಕೂಡಿಸಿಕೊಡುತ್ತೇವೆ ಎಂದರೆ ಬೇಡವೆನ್ನಿ: 200 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 7 ಯೂನಿಟ್, 2 ಕಿಲೋವಾಟಿನಲ್ಲಿ ಮೂರೂವರೆ ತಾಸು. ಬದಲಿಗೆ ಬಚ್ಚಲಲ್ಲಿ 10 ಲೀಟರಿನ ಸಣ್ಣ ಗೀಸರ್ ಇರಲಿ.

ಊರಕಡೆ ಕಟ್ಟಿಗೆ ಉರಿಯಲ್ಲಿ ನೀರು ಕಾಯಿಸುವ ಬಂಬವನ್ನು ಇನ್ನೂ ಬಿಡದವರನ್ನು ಹಳೇಕಾಲದವರೆಂದು ನಗುವಂತಿಲ್ಲ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಗೋವಿನಜೋಳದ ಬೆಂಡು ಹೊಲದಿಂದಲೇ ಬರುವ ಮನೆಯಲ್ಲಿ ತಾಮ್ರದ ಬಂಬಕ್ಕಿಂತ ಅಗ್ಗದ್ದು ಇಲ್ಲ. ಸುಣ್ಣ ಕಟ್ಟಿದರೂ ಕೆಡಲು ಅದರೊಳಗೆ ಎಲಿಮೆಂಟೇ ಇಲ್ಲ. ಹೊಗೆ ಹೊರಹೋಗುವ ಅಂಗಳದಲ್ಲಿ ಇಡಬೇಕು, ನೀರು ತುಂಬದೆ ಉರಿ ಹಚ್ಚಿದರೆ ಬೆಸುಗೆ ಬಿಡುತ್ತದೆ.

ಕೂಡಿಸುವಾಗ

ಹಳೇ ಬೋಲ್ಟಿಗೇ ಹೊಸ ಗೀಸರ್ ತೂಗುಹಾಕುವ ಆತುರ ಬೇಡ, ತೂತಿನ ಅಂತರ ಕಂಪನಿಯಿಂದ ಕಂಪನಿಗೆ ಬೇರೆ. 25 ಲೀಟರಿನದು ತುಂಬಿದಾಗ 35 ಕಿಲೋ ಮೀರುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆಗೆ 10 ಮಿಲಿಮೀಟರಿನ ಆಂಕರ್ ಫಾಸ್ಟನರ್ ಹಿಡಿಯುತ್ತದೆ. ಹಾಲೋ ಬ್ಲಾಕಿಗೂ, ಹಳೇ ಮನೆಗಳ ಕಲ್ಲು-ಮಣ್ಣಿನ ಗೋಡೆಗೂ ಹಿಡಿಯುವುದಿಲ್ಲ. ಅಲ್ಲಿ ಕಬ್ಬಿಣದ ಆಂಗಲ್ ಚೌಕಟ್ಟು ಮಾಡಿಸಿ.

ಸೇಫ್ಟಿ ವಾಲ್ವ್ ತಣ್ಣೀರಿನ ಪೈಪಿಗೇ ಬರಬೇಕು. ಹನಿ ಬೀಳುತ್ತದೆಂದು ಅದರ ಬಾಯಿಗೆ ಟೆಫ್ಲಾನ್ ಸುತ್ತಿ ಬೋಲ್ಟ್ ಹೊಡೆಯುವ ಪ್ಲಂಬರ್ ಬಂದರೆ ಅಲ್ಲೇ ತಡೆಯಿರಿ. ನೀರು ಕಾದ ಮೇಲೆ ಕರೆಂಟ್ ತಪ್ಪಿಸುವ ಥರ್ಮೋಸ್ಟಾಟ್ ಅಂಟಿಕೊಂಡ ದಿನ ಒತ್ತಡ ಹೊರಹೋಗಲು ಬೇರೆ ದಾರಿಯೇ ಇರುವುದಿಲ್ಲ. ಹನಿ ಕಿರಿಕಿರಿ ಎನಿಸಿದರೆ ಸಣ್ಣ ಪೈಪೊಂದನ್ನು ಕೂಡಿಸಿ ಮೋರಿಗೆ ಬಿಡಿ. ಬಿಸಿನೀರಿಗೆ ಸಿಪಿವಿಸಿ ಪೈಪೇ ಬೇಕು, ಬಿಳಿ ಯುಪಿವಿಸಿ ಬಾಗುತ್ತದೆ. ಗೀಸರಿನ ಬಾಯಿಗೆ ಸೀದಾ ಸಿಪಿವಿಸಿ ಅಂಟಿಸದೆ ಒಂದೂವರೆ ಅಡಿಯ ಸ್ಟೀಲ್ ಹೆಣಿಗೆಯ ಪೈಪ್ ಬಳಸಿ.

ಕರೆಂಟಿಗೆ 16 ಆಂಪಿಯರ್ ಸಾಕೆಟ್, 2.5 ಚದರ ಮಿಲಿಮೀಟರಿನ ತಾಮ್ರದ ವೈರ್, 3 ಕಿಲೋವಾಟಿಗೆ 4ರದ್ದು, ಪ್ರತ್ಯೇಕ ಎಂಸಿಬಿ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಇದರಲ್ಲಿ ಕೊನೆಯದನ್ನು ಮಾತ್ರ ಬಿಟ್ಟರೂ ನಡೆಯುತ್ತದೆ ಎನ್ನುವವರ ಮಾತು ಕೇಳಬೇಡಿ. ಕರಿಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿ ಒಣಗಿ ಕೆಲಸ ನಿಲ್ಲಿಸುತ್ತದೆ, ಏಪ್ರಿಲ್-ಮೇನಲ್ಲಿ ಆಗಾಗ ನೀರು ಹಾಕಿ.

ಮೊದಲ ಸಲ ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿ ಬುಸುಗುಟ್ಟುವುದು ನಿಂತು ನೀರು ಒಂದೇ ಸಮ ಬಂದ ಮೇಲೆಯೇ ಸ್ವಿಚ್. ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಸುಡಲು ಹೆಚ್ಚು ಹೊತ್ತು ಬೇಕಿಲ್ಲ, ಅದಕ್ಕೆ ವಾರಂಟಿಯೂ ಇಲ್ಲ. ನಾಬನ್ನು 75ಕ್ಕೆ ತಿರುಗಿಸಬೇಡಿ, 50ರಿಂದ 55 ಇರಲಿ, ಸುಣ್ಣ ಕಟ್ಟುವುದು ಅರ್ಧ ಅಲ್ಲಿಯೇ ನಿಂತೀತು. ವಾರಕ್ಕೊಮ್ಮೆ 60 ದಾಟಿಸಿದರೆ ನಿಂತ ನೀರಿನ ಕ್ರಿಮಿಗಳ ಚಿಂತೆಯೂ ಇಲ್ಲ. ಒಳಬರುವ ಪೈಪಿಗೆ ಪಾಲಿಫಾಸ್ಫೇಟ್ ಹರಳಿನ ಡಬ್ಬಿ ಹಾಕಿಸಿದರೆ ಸುಣ್ಣ ಅಂಟುವುದು ತಗ್ಗುತ್ತದೆ, ಹರಳು ತೀರಿದಾಗ ತುಂಬಬೇಕು ಅಷ್ಟೇ. ಪೈಪಿನ ಮೇಲೆ ಅಯಸ್ಕಾಂತ ಕಟ್ಟುವ ಸಾಧನಕ್ಕೆ ದುಡ್ಡು ಕೊಡಬೇಡಿ.

ಬೋರಿನ ಮನೆಯಲ್ಲಿ ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಫ್ಲ್ಯಾಂಜ್ ಬಿಚ್ಚಲೇಬೇಕು. ಎಂಸಿಬಿ ಬಂದ್ ಮಾಡಿ, ನೀರು ಇಳಿಸಿ, ವೈರಿನ ಫೋಟೊ ತೆಗೆದುಕೊಂಡು, ಬೋಲ್ಟ್ ಬಿಚ್ಚಿ ಎಲಿಮೆಂಟ್ ಹೊರತೆಗೆಯಿರಿ. ಬೆಚ್ಚಗಿನ ನೀರು ಲೀಟರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ವೈರ್ ಕೂಡಿಸುವ ತುದಿ ನೆನೆಯದಂತೆ ಎರಡು ಮೂರು ತಾಸು ಅದ್ದಿಡಿ. ಬಚ್ಚಲು ತೊಳೆಯುವ ಆಸಿಡ್ ಬೇಡ, ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಸುತ್ತಿಗೆಯಿಂದ ತಟ್ಟಬೇಡಿ, ಗಾಜಿನ ಲೇಪ ಸಿಡಿಯುತ್ತದೆ. ಟ್ಯಾಂಕಿನ ತಳದ ಚಕ್ಕೆ ಕೈಯಿಂದ ಬಳಿದು ತೆಗೆದು, ಆನೋಡ್ ನೋಡಿ, ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ.

ಕೊಳ್ಳುವ ಮುನ್ನ ವಾರಂಟಿ ಕಾರ್ಡಿನಲ್ಲಿ ಮೂರು ಸಾಲು ಓದಿ. ಟ್ಯಾಂಕಿಗೆ ಸಾಮಾನ್ಯವಾಗಿ ಐದರಿಂದ ಏಳು ವರ್ಷ ಇರುತ್ತದೆ, ಎಲಿಮೆಂಟಿಗೆ ಅದಕ್ಕಿಂತ ಕಡಿಮೆ, ಉಳಿದ ಭಾಗಗಳಿಗೆ ಇನ್ನೂ ಕಡಿಮೆ. ನೀರಿನ ಗಡಸುತನ ಇಷ್ಟು ಮೀರಿದರೆ ವಾರಂಟಿ ಇಲ್ಲ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇದ್ದರೆ ನಿಮ್ಮ ಪರೀಕ್ಷೆಯ ಅಂಕಿಯನ್ನು ಅದರ ಪಕ್ಕ ಇಟ್ಟು ನೋಡಿ. ಆಮೇಲೆ ಅಂಗಡಿಯವರನ್ನು ಒಂದೇ ಮಾತು ಕೇಳಿ: ‘ಸರ್ವಿಸಿನವರು ಇಲ್ಲೇ ಊರಾಗ ಅದಾರೋ, ಹುಬ್ಬಳ್ಳಿಯಿಂದ ಬರಬೇಕೋ?’ ಇಂಡಿ, ಮುದ್ದೇಬಿಹಾಳ, ಹುನಗುಂದದಂಥ ಕಡೆ ಎರಡು ಗೀಸರುಗಳ ನಡುವೆ ಆಯ್ಕೆ ಕಷ್ಟವಾದರೆ, ಗ್ಯಾಸ್ಕೆಟ್ಟು ಮತ್ತು ಆನೋಡು ಅದೇ ಅಂಗಡಿಯ ಕಪಾಟಿನಲ್ಲಿ ಸಿಗುವ ಕಂಪನಿಯದನ್ನೇ ತಗೊಳ್ಳಿ.